ಸಿರೋಡಿಲ್‌ನ ಕಾಡು ಎಲ್ಲಿ ಹೋಯಿತು? ನಾನು ಥಿಯರಿ ಕಟ್ಟುವ ಬಗೆ

ಎಲ್ಡರ್ ಸ್ಕ್ರೋಲ್ಸ್ ಎಂಬುದು ಕಲ್ಪಿತ ಲೋಕವೊಂದರಲ್ಲಿ ನಡೆಯುವ ಕಂಪ್ಯೂಟರ್ ಆಟಗಳ ಸರಣಿ. ಅದರಲ್ಲಿ ನಾನು ಕತ್ತಿ ಹಿಡಿದಿದ್ದಕ್ಕಿಂತ ಪುಸ್ತಕ ಹಿಡಿದಿದ್ದೇ ಜಾಸ್ತಿ. 2011ರಲ್ಲಿ ಬಂದ ಸ್ಕೈರಿಮ್ ಒಂದರಲ್ಲೇ ತೆರೆದು ಓದಬಹುದಾದ ಪುಸ್ತಕಗಳು 300ಕ್ಕೂ ಹೆಚ್ಚಿವೆ. ರಾಜರ ಚರಿತ್ರೆ, ಪೂಜಾರಿಗಳ ಉಪದೇಶ, ಅಡುಗೆ ಪುಸ್ತಕ, ಎಲ್ಲವೂ ಉಂಟು. ಆದರೆ ಇವು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಕಡೆ ಟೈಬರ್ ಸೆಪ್ಟಿಮ್ ಚಕ್ರವರ್ತಿ ಉತ್ತರದ ಆಟ್ಮೋರಾದಲ್ಲಿ ಹುಟ್ಟಿದವನು. ಇನ್ನೊಂದು ಕಡೆ ಅದೇ ಮನುಷ್ಯ ಹೈ ರಾಕ್ ಎಂಬ ನಾಡಿನ ಆಲ್ಕೇರ್‌ನಲ್ಲಿ ಹುಟ್ಟಿದವನು, ಹೆಸರೂ ಬೇರೆ. ಇದನ್ನು ಓದಿ ಸುಮ್ನೆ ಮುಂದಕ್ಕೆ ಹೋಗಲು ನನಗೆ ಆಗುವುದಿಲ್ಲ. ಯಾರು ನಿಜ ಹೇಳುತ್ತಿದ್ದಾರೆ, ಯಾರು ಮುಚ್ಚಿಡುತ್ತಿದ್ದಾರೆ, ಯಾಕೆ ಮುಚ್ಚಿಡುತ್ತಿದ್ದಾರೆ ಎಂದು ಹುಡುಕುವುದೇ ನನಗೆ ಆಟ.

ನಾನಿರುವುದು ಸಿಂಧನೂರಿನಲ್ಲಿ. ಬೀಜ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೇಸಿಗೆಯಲ್ಲಿ ನಮ್ಮ ಕಡೆ ಹಗಲು ಕಂಪ್ಯೂಟರ್ ಮುಂದೆ ಕೂರುವುದು ಆಗದ ಮಾತು, ಹಾಗಾಗಿ ಆಟ ಏನಿದ್ದರೂ ರಾತ್ರಿ ಊಟ ಆದ ಮೇಲೆ. ಪಕ್ಕದಲ್ಲಿ ಒಂದು ಉದ್ದನೆಯ ಖಾತೆ ಪುಸ್ತಕ ಇರುತ್ತದೆ. ಎಡಪುಟದಲ್ಲಿ ಆಟದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. ಬಲಪುಟದಲ್ಲಿ ಆ ಮಾತು ಹೇಳಿದವರು ಯಾರು, ಯಾರ ಸಂಬಳ ತಿನ್ನುವವರು, ಘಟನೆ ನಡೆದು ಎಷ್ಟು ಕಾಲಕ್ಕೆ ಬರೆದದ್ದು, ಹೀಗೆ ಹೇಳಿದರೆ ಅವರಿಗೆ ಏನು ಲಾಭ ಎಂದು ಬರೆಯುತ್ತೇನೆ. ಥಿಯರಿಯನ್ನು ಅದರ ಕೆಳಗೆ ಬರೆಯುತ್ತೇನೆ. ಥಿಯರಿಯ ಕೆಳಗೆ ಇನ್ನೊಂದು ಸಾಲು ಇರಲೇಬೇಕು: ಏನು ಸಿಕ್ಕರೆ ಈ ಥಿಯರಿ ಬೀಳುತ್ತದೆ? ಆ ಸಾಲು ಬರೆಯಲು ಆಗದಿದ್ದರೆ ಅದನ್ನು ನಾನು ಥಿಯರಿ ಎಂದೇ ಕರೆಯುವುದಿಲ್ಲ. ಯಾವ ಸಾಕ್ಷಿ ಬಂದರೂ ಬೀಳದ ಮಾತು ನಂಬಿಕೆ ಅಷ್ಟೇ.

ಹೇಳಿದವರು ಯಾರು ಎಂಬ ಪ್ರಶ್ನೆ ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದಕ್ಕೆ ಬ್ಯಾರೆಂಜಿಯಾ ರಾಣಿಯ ಕಥೆ ನೋಡಿ. ಸಾಮ್ರಾಜ್ಯದ ಲಿಪಿಕಾರ ಬರೆದ ಚರಿತ್ರೆಯಲ್ಲಿ ಅವಳ ಬದುಕು ನೆಟ್ಟಗೆ, ಮರ್ಯಾದೆಯಾಗಿ ಸಾಗುತ್ತದೆ. ಇನ್ನೊಂದು ಚರಿತ್ರೆಯಲ್ಲಿ ಚಕ್ರವರ್ತಿಯ ಜೊತೆಗಿನ ಸಂಬಂಧವಿದೆ, ಅವನ ಅಪ್ಪಣೆಯ ಮೇಲೆ ಅವಳ ಹೊಟ್ಟೆಯಲ್ಲಿದ್ದ ಮಗುವನ್ನು ತೆಗೆಸಿದ ನೋವಿದೆ. ಎರಡನೆಯದನ್ನು ಬರೆದವನು ಪ್ಲಿಟಿನಿಯಸ್ ಮೀರೋ. ಇದೇ ಸರಣಿಯ ಮಾರೋವಿಂಡ್ ಆಟಕ್ಕೆ ಆಮೇಲೆ ಸೇರಿಸಿದ ಟ್ರೈಬ್ಯುನಲ್ ಎಂಬ ಭಾಗದಲ್ಲಿ ಇವನನ್ನು ನೇರವಾಗಿ ಭೇಟಿ ಮಾಡಬಹುದು. ಎಲ್ಲಿ ಸಿಗುತ್ತಾನೆ ಗೊತ್ತಾ? ರಾಣಿ ಇರುವ ಅರಮನೆಯಲ್ಲೇ. ಅಂಥ ಪುಸ್ತಕ ಬರೆದವನಿಗೆ ಅವಳ ಸೂರಿನಡಿಯೇ ಜಾಗ ಇದೆ ಎಂದರೆ, ಅವನ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಗಂಗಾವತಿ ಹತ್ತಿರದ ಕುಮ್ಮಟದುರ್ಗದ ಕುಮಾರರಾಮನ ಕಥೆ ಕೇಳಿ ಬೆಳೆದವರು ನಾವು. ಹಾಡುವವರಿಗೆ ಮಲತಾಯಿ ರತ್ನಾಜಿ ಇಲ್ಲದೆ ಆ ಕಥೆಯೇ ಇಲ್ಲ. ಅದೇ ಕಂಪಿಲಿಯ ಯುದ್ಧದ ಬಗ್ಗೆ ಪ್ರವಾಸಿ ಇಬ್ನ್ ಬತೂತ ಬರೆದಿದ್ದರಲ್ಲಿ ರತ್ನಾಜಿ ಇಲ್ಲ, ಆಶ್ರಯ ಕೇಳಿ ಬಂದವನನ್ನು ಬಿಟ್ಟುಕೊಡದ ರಾಜ ಇದ್ದಾನೆ. ಒಬ್ಬರು ಹೇಳದೆ ಬಿಟ್ಟಿದ್ದು ಅಷ್ಟಕ್ಕೇ ಸುಳ್ಳಾಗುವುದಿಲ್ಲ.

ಇನ್ನೂ ಆಳಕ್ಕೆ ಹೋಗಬೇಕು ಎನ್ನುವವರು 2002ರ ಮಾರೋವಿಂಡ್‌ನಲ್ಲಿ ವಿವೆಕ್ ಬರೆದ 36 ಪಾಠಗಳನ್ನು ಓದಬೇಕು. ಕೆಂಪು ಬೆಟ್ಟದ ಯುದ್ಧದಲ್ಲಿ ನೆರೆವಾರ್ ಎಂಬ ವೀರ ಹೇಗೆ ಸತ್ತ ಎಂಬುದೇ ಆ ಆಟದ ದೊಡ್ಡ ಗಂಟು. ಗಾಯದಿಂದ ಸತ್ತ ಎನ್ನುತ್ತದೆ ದೇವಸ್ಥಾನ. ನಂಬಿದ ಗೆಳೆಯರೇ ಕೊಂದರು ಎನ್ನುತ್ತಾರೆ ಬಯಲಲ್ಲಿ ಬದುಕುವ ಆಶ್‌ಲ್ಯಾಂಡರ್‌ಗಳು. ಆ ಗೆಳೆಯರಲ್ಲಿ ಒಬ್ಬ ಈ ವಿವೆಕ್, ಈಗ ದೇವರಾಗಿ ಕೂತಿದ್ದಾನೆ. ಅವನ ಪಾಠಗಳು ಮೊದಲ ಓದಿಗೆ ಬರೀ ಒಗಟು. ಆದರೆ ಕೊನೆಯ ಪಾಠದ ಪ್ಯಾರಾಗಳ ಮೊದಲ ಅಕ್ಷರಗಳನ್ನು ಸಾಲಾಗಿ ಬರೆದುಕೊಂಡರೆ ಇಂಗ್ಲಿಷಿನಲ್ಲಿ 'ಫೌಲ್ ಮರ್ಡರ್', ಅಂದರೆ ಹೇಯ ಕೊಲೆ, ಎಂದಾಗುತ್ತದೆ. 29ನೇ ಪಾಠದಲ್ಲಿ ಕೊಟ್ಟಿರುವ ಅಂಕಿಗಳನ್ನು ಹಿಡಿದು ಪಾಠಗಳಿಂದ ಒಂದೊಂದು ಪದ ಹೆಕ್ಕುತ್ತಾ ಹೋದರೆ ಪೂರ್ತಿ ತಪ್ಪೊಪ್ಪಿಗೆಯೇ ಸಿಗುತ್ತದೆ: ತಾನು ಹುಟ್ಟಿನಿಂದ ದೇವರಲ್ಲ, ದೈವತ್ವವನ್ನು ಕದ್ದೆ, ಕೊಲೆ ಮಾಡಿದೆ ಎಂದು. ಇದನ್ನು ಒಂದೊಂದೇ ಪದ ಎಣಿಸಿ ನಾನೇ ತೆಗೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೇವರಾಗಿ ಕೂತವನು ತನ್ನ ಧರ್ಮಗ್ರಂಥದೊಳಗೇ ತನ್ನ ವಿರುದ್ಧ ಸಾಕ್ಷಿ ಹುದುಗಿಸಿ ಇಟ್ಟಿದ್ದಾನಲ್ಲ! ಆಟ ಮಾಡಿದವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಈಗ ಸಿರೋಡಿಲ್‌ಗೆ ಬರುತ್ತೇನೆ. 1998ರಲ್ಲಿ ಇದೇ ಸರಣಿಯ ರೆಡ್‌ಗಾರ್ಡ್ ಆಟದ ಜೊತೆ ಒಂದು ಸಣ್ಣ ಕೈಪಿಡಿ ಬಂತು. ಟೈಬರ್ ಸೆಪ್ಟಿಮ್‌ನ ಕಾಲದಲ್ಲಿ ಸಾಮ್ರಾಜ್ಯವೇ ಬರೆಸಿದ ಹಾಗಿರುವ ಪುಸ್ತಕ ಅದು. ಅದರ ಪ್ರಕಾರ ಸಾಮ್ರಾಜ್ಯದ ನಡುನಾಡಾದ ಸಿರೋಡಿಲ್‌ನ ಬಹುಭಾಗ ಮುಗಿಯದ ದಟ್ಟ ಕಾಡು. ಅಲ್ಲಿಂದ ಹೊರಗೆ ಹೋಗುವ ಮುಖ್ಯ ಸರಕು ಅಕ್ಕಿ ಮತ್ತು ಬಟ್ಟೆ. 2006ರಲ್ಲಿ ಆಬ್ಲಿವಿಯನ್ ಬಂತು, ಇಡೀ ಆಟ ನಡೆಯುವುದೇ ಸಿರೋಡಿಲ್‌ನಲ್ಲಿ. ನೋಡಿದರೆ ತಣ್ಣನೆಯ ಹವೆ, ಹಸಿರು ದಿಬ್ಬ, ತೆಳ್ಳನೆಯ ಅಡವಿ. ದಟ್ಟ ಕಾಡಿಲ್ಲ. ಭತ್ತದ ಗದ್ದೆಯಂತೂ ಒಂದೂ ಇಲ್ಲ. ಸಿಂಧನೂರಿನವನಾದ ನನ್ನ ಕಣ್ಣು ಮೊದಲು ಹುಡುಕಿದ್ದೇ ಗದ್ದೆಯನ್ನು.

ಗಂಗಾವತಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಇದನ್ನು ಕೇಳಿ, "ಅಣ್ಣ, ಇದ್ರಾಗ ಏನ್ ಥಿಯರಿ ಐತಿ? ಬರದೋರು ಬ್ಯಾರೆ, ಆಟ ಮಾಡಿದೋರು ಬ್ಯಾರೆ. ಕಾಡು ಬ್ಯಾಡ ಅನ್ಸೇತಿ, ಬಿಟ್ಟಾರ" ಎಂದ. ಅವನು ಹೇಳಿದ್ದರಲ್ಲಿ ಹುರುಳಿದೆ. ಆದರೆ ಇಲ್ಲಿ ಪ್ರಶ್ನೆಗಳು ಎರಡು. ಆಟ ಮಾಡಿದವರು ಯಾಕೆ ಬದಲಿಸಿದರು ಎಂಬುದು ಒಂದು. ಆ ಲೋಕದ ಒಳಗೆ ಏನಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿತು ಎಂದು ಎರಡನೆಯದನ್ನು ಮುಚ್ಚಬಾರದು. ಎರಡನ್ನೂ ಕಲಸಿದರೆ ಯಾವ ವಾದವೂ ಮುಗಿಯುವುದಿಲ್ಲ. ನನ್ನ ಪುಸ್ತಕದಲ್ಲಿ ಇವಕ್ಕೆ ಬೇರೆ ಬೇರೆ ಪುಟ.

ಎರಡನೆಯ ಪ್ರಶ್ನೆಗೆ ನಾನು ಬರೆದ ಮೊದಲ ಉತ್ತರ ನಮ್ಮ ನೆಲದಿಂದಲೇ ಬಂತು. ನಮ್ಮಜ್ಜನ ಕಾಲಕ್ಕೆ ಇಲ್ಲಿ ಜೋಳ, ಹತ್ತಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಅದೇ ಎರೆನೆಲದಲ್ಲಿ ಭತ್ತ. ಹಳೆಯ ಬರಹದಲ್ಲಿ ಜೋಳ ಎಂದು ಓದಿ, ಈಗ ಬಸ್ಸಿನ ಕಿಟಕಿಯಲ್ಲಿ ಗದ್ದೆ ನೋಡಿದವನಿಗೆ ಯಾರೋ ಸುಳ್ಳು ಬರೆದಿದ್ದಾರೆ ಅನಿಸಬಹುದು, ಅಲ್ವಾ? ಯಾರೂ ಸುಳ್ಳು ಬರೆದಿಲ್ಲ. ನೆಲ ಬದಲಾಗಿದೆ. ಸಿರೋಡಿಲ್‌ನಲ್ಲೂ ಹಾಗೇ ಕಾಲಕ್ರಮದಲ್ಲಿ ಕಾಡು ಕಡಿದು ಹೋಗಿರಬೇಕು ಎಂದು ಬರೆದೆ. ಕೆಳಗೆ ಬೀಳುವ ಷರತ್ತನ್ನೂ ಬರೆದೆ: ಟೈಬರ್ ಸೆಪ್ಟಿಮ್‌ಗಿಂತ ಹಿಂದಿನ ಕಾಲದಲ್ಲೂ ಕಾಡು ಇರಲಿಲ್ಲ ಎಂದು ಕಂಡರೆ ಇದು ಹೋಯಿತು. 2014ರಲ್ಲಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಬಂತು. ಅದು ನಡೆಯುವುದು ಎರಡನೇ ಯುಗದ 582ರಲ್ಲಿ. ಟೈಬರ್ ಸೆಪ್ಟಿಮ್ ದಂಡಯಾತ್ರೆ ಮುಗಿಸುವುದು ಅದೇ ಯುಗದ 896ರಲ್ಲಿ. ಅಂದರೆ ಈ ಆಟದ ಕಾಲ ಅವನಿಗಿಂತ 300 ವರ್ಷ ಹಿಂದಿನದು. ಆಗಲೂ ಸಿರೋಡಿಲ್‌ನಲ್ಲಿ ದಟ್ಟ ಕಾಡಿಲ್ಲ! ಆ ಥಿಯರಿಗೆ ಅಡ್ಡಗೆರೆ ಎಳೆದೆ. ಷರತ್ತು ಮೊದಲೇ ಬರೆದಿದ್ದರಿಂದ ಚೌಕಾಸಿಗೆ ಜಾಗವೇ ಇರಲಿಲ್ಲ.

ಅದೇ ಆಟದಲ್ಲಿ ನಮ್ಮ ಈ ಜಗಳವನ್ನೇ ಇಬ್ಬರು ವಿದ್ವಾಂಸರ ಬಾಯಲ್ಲಿ ಇಟ್ಟಿದ್ದಾರೆ. ಕಾಡು ಎಂದು ಬರೆದಿದ್ದು ನಕಲು ಮಾಡಿದವರ ಕೈತಪ್ಪು ಎನ್ನುತ್ತಾನೆ ಫ್ರಾಸ್ಟಸ್. ಅದು ಶುದ್ಧ ಅಸಂಬದ್ಧ ಎಂದು ಲೇಡಿ ಸಿನ್ನಬಾರ್ ಅವನನ್ನು ಝಾಡಿಸುತ್ತಾಳೆ. ನಾನು ಸಿನ್ನಬಾರ್ ಕಡೆ. ಕೈತಪ್ಪು ಎನ್ನುವುದು ತೀರಾ ಸಲೀಸಾದ ದಾರಿ. ಅದನ್ನು ಒಪ್ಪಿದರೆ ನಮಗೆ ಬೇಡವಾದ ಯಾವ ಸಾಲನ್ನಾದರೂ ಅಳಿಸಬಹುದು.

ಹಾಗಾದರೆ ಎಂಥ ಸಾಕ್ಷಿ ಬೇಕು? ಇದನ್ನು ನಾನು ಕಲಿತದ್ದು ಮಸ್ಕಿಯಿಂದ. ದೇಶದ ಉದ್ದಕ್ಕೂ ಬಂಡೆಗಳ ಮೇಲೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ರಾಜನ ಶಾಸನಗಳಿದ್ದವು. ಇವನೇ ಅಶೋಕ ಎಂದು 1837ರಲ್ಲಿ ಸಿಂಹಳದ ಗ್ರಂಥ ನೋಡಿ ಹೇಳಿದ್ದರು. ಆದರೂ ಅದು ಪುಸ್ತಕದ ಆಧಾರ, ಬಂಡೆಯ ಮೇಲೆ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಮಸ್ಕಿಯ ಶಾಸನ ಬಿತ್ತು. ಅಲ್ಲಿ ದೇವಾನಾಂಪ್ರಿಯ ಮತ್ತು ಅಶೋಕ ಎರಡೂ ಒಟ್ಟಿಗೆ ಇದ್ದವು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳದಲ್ಲೂ ಅಶೋಕನ ಹೆಸರು ಸಿಕ್ಕಿತು. ಬೇರೆ ಬೇರೆ ಕಡೆ ಇರುವ ಎರಡು ಮಾತನ್ನು ನಾವು ಊಹೆಯಿಂದ ಹೊಲಿಯುವುದಕ್ಕೂ, ಎರಡೂ ಒಂದೇ ಸಾಲಿನಲ್ಲಿ ಸಿಗುವುದಕ್ಕೂ ಅಜಗಜಾಂತರ.

ಸಿರೋಡಿಲ್‌ಗೆ ಅಂಥ ಸಾಲು ಇರುವುದು ಆಬ್ಲಿವಿಯನ್‌ನಲ್ಲೇ. ಮ್ಯಾಂಕರ್ ಕ್ಯಾಮೊರಾನ್ ಬರೆದ ಗ್ರಂಥದಲ್ಲಿ 'ಕಿಮ್' ಎಂಬ ಸ್ಥಿತಿಯನ್ನು ಅರಿತವರು ನೆಲವನ್ನೇ ಬದಲಿಸಬಲ್ಲರು, ಒಂದು ಕಾಲಕ್ಕೆ ಕಾಡಾಗಿದ್ದ ಕೆಂಪು ರಾಜನ ಮನೆಯನ್ನೇ ನೋಡಿ ಎಂಬ ಮಾತು ಬರುತ್ತದೆ. ಕೆಂಪು ರಾಜ ಎಂದರೆ ಟೈಬರ್ ಸೆಪ್ಟಿಮ್, ಅವನ ಮನೆ ಎಂದರೆ ಸಿರೋಡಿಲ್ ಎಂದು ನಾನು ಓದುತ್ತೇನೆ. ಇದ್ದ ಕಾಡು, ಇಲ್ಲವಾದ ಕಾಡು, ಎರಡೂ ಒಂದೇ ಸಾಲಿನಲ್ಲಿ. ಬಲಪುಟದ ಪ್ರಶ್ನೆ ಕೇಳಿ: ಹೇಳಿದವನು ಯಾರು? ಸಾಮ್ರಾಜ್ಯದ ವೈರಿ. ಟೈಬರ್ ಸೆಪ್ಟಿಮ್‌ನನ್ನು ಹೊಗಳಿ ಅವನಿಗೆ ಆಗಬೇಕಾದ್ದೇನೂ ಇಲ್ಲ. ಅದಕ್ಕೇ ಈ ಮಾತಿಗೆ ಬೆಲೆ. ಇನ್ನು ಸ್ಕೈರಿಮ್‌ನ ವೈಟ್‌ರನ್ ಊರಲ್ಲಿ ದಿನವಿಡೀ ಕೂಗುವ ಹೈಮ್‌ಸ್ಕರ್‌ನನ್ನು ಎಲ್ಲರೂ ಕೇಳಿರುತ್ತೀರಿ. ಜಾಸ್ತಿ ಜನ ಅವನ ಬಾಯಿ ಮುಚ್ಚಿಸಲು ನೋಡುತ್ತಾರೆ, ಅವನ ಮಾತು ಕೇಳುವುದಿಲ್ಲ. ಟ್ಯಾಲೋಸ್ ದೇವರಾದ ಟೈಬರ್ ಸೆಪ್ಟಿಮ್ ತನ್ನ ಕೆಂಪು ಸೈನ್ಯಕ್ಕಾಗಿ, ಅವರ ಮೇಲಿನ ಪ್ರೀತಿಗಾಗಿ, ಉಸಿರಿನಿಂದ ಈ ನೆಲವನ್ನು ಬದಲಿಸಿದ ಎಂದು ಅವನು ಸಾರುತ್ತಿರುತ್ತಾನೆ. ಒಬ್ಬ ವೈರಿ, ಒಬ್ಬ ಭಕ್ತ. ಇಬ್ಬರದ್ದೂ ಒಂದೇ ಮಾತು. ಕಾಡು ಹೋದದ್ದು ಕೊಡಲಿಯಿಂದಲ್ಲ, ಹಿಂದಿನ ಕಾಲವೂ ಸೇರಿ ಬದಲಾಗಿದೆ, 582ರಲ್ಲೂ ಕಾಡು ಕಾಣದಿರುವುದು ಅದಕ್ಕೇ ಎಂದು ನಾನು ಓದುತ್ತೇನೆ. ಇದರ ಕೆಳಗಿನ ಷರತ್ತು: ಟೈಬರ್ ಸೆಪ್ಟಿಮ್ ಆದ ಮೇಲಿನ ಸಿರೋಡಿಲ್‌ನಲ್ಲಿ ಆಟವೇ ನಮ್ಮ ಕಣ್ಣಿಗೆ ದಟ್ಟ ಕಾಡು ತೋರಿಸಿದರೆ ಇದೂ ಬಿತ್ತು.

ಕಾಲವೇ ಬದಲಾಗಬಹುದು ಎಂದ ಕೂಡಲೇ ಒಂದು ಅಪಾಯ ಬರುತ್ತದೆ, ಅದನ್ನು ಹೇಳಲೇಬೇಕು. ಸರಣಿಯ 1996ರ ಆಟ ಡ್ಯಾಗರ್‌ಫಾಲ್‌ಗೆ ಹಲವು ಮುಕ್ತಾಯಗಳಿದ್ದವು. ಯಾವುದು ನಿಜವಾಗಿ ನಡೆದದ್ದು? ಎಲ್ಲವೂ ಒಟ್ಟಿಗೇ ನಡೆದವು, ಆ ಹೊತ್ತಿನಲ್ಲಿ ಕಾಲವೇ ಮುರಿದಿತ್ತು ಎಂದು ಮುಂದಿನ ಆಟಗಳು ಹೇಳಿದವು. 40ಕ್ಕೂ ಹೆಚ್ಚು ಸಣ್ಣ ರಾಜ್ಯಗಳು ಒಮ್ಮೆಲೇ ನಾಲ್ಕಾದವು. ಇದಕ್ಕೆ ಡ್ರ್ಯಾಗನ್ ಬ್ರೇಕ್ ಎನ್ನುತ್ತಾರೆ. ಚೆಂದದ ಉಪಾಯ, ನನಗೂ ಇಷ್ಟ. ಆದರೆ ಎಲ್ಲಿ ಎರಡು ಸಾಲು ಹೊಂದದಿದ್ದರೂ ಡ್ರ್ಯಾಗನ್ ಬ್ರೇಕ್ ಎಂದುಬಿಡುವ ಚಾಳಿ ನನಗೆ ಒಂಚೂರೂ ಹಿಡಿಸುವುದಿಲ್ಲ. ಆ ಹೊತ್ತಿನಲ್ಲಿ ಕಾಲ ಮುರಿದಿತ್ತು ಎಂದು ಆಟದೊಳಗಿನ ಯಾರಾದರೂ ಹೇಳಿರಬೇಕು. ಇಲ್ಲದಿದ್ದರೆ ನನ್ನ ಪುಸ್ತಕದಲ್ಲಿ ಅದಕ್ಕೆ ಪ್ರವೇಶವಿಲ್ಲ. ಹಾಗೇ ಆಟದ ಹೊರಗೆ ಬರಹಗಾರರು ಬರೆದದ್ದನ್ನು ಹಿಂದಿನ ಪುಟಗಳಲ್ಲಿ ಬೇರೆ ಇಡುತ್ತೇನೆ. ಇನ್ನು ವೈಟ್‌ರನ್‌ನಂಥ ದೊಡ್ಡ ಪಟ್ಟಣದಲ್ಲಿ ಬೆರಳೆಣಿಕೆ ಮನೆಗಳಿರುವುದು, ಮಹಾಯುದ್ಧಕ್ಕೆ ಹತ್ತಿಪ್ಪತ್ತು ಜನ ಬರುವುದು, ಇವೆಲ್ಲ ಕಂಪ್ಯೂಟರ್‌ನ ಮಿತಿ. ಅದಕ್ಕೆ ಥಿಯರಿ ಬೇಡ.

ಈಗ ನನ್ನ ಮುಂದಿರುವ ಪುಟ ಡ್ವೆಮರ್‌ಗಳದ್ದು. ಮೊದಲ ಯುಗದ 700ರ ಸುಮಾರಿಗೆ ಈ ಇಡೀ ಜನಾಂಗ ಒಂದೇ ಕ್ಷಣದಲ್ಲಿ ಮಾಯವಾಯಿತು. ಉಳಿದದ್ದು ಯಾಗ್ರಮ್ ಬಗಾರ್ನ್ ಒಬ್ಬನೇ, ಅವನು ಆಗ ಬೇರೊಂದು ಲೋಕದಲ್ಲಿದ್ದ. ಸ್ಕೈರಿಮ್‌ನಲ್ಲಿ ಆರ್ನಿಯೆಲ್ ಗೇನ್ ಎಂಬ ಮಾಂತ್ರಿಕ ಡ್ವೆಮರ್‌ಗಳ ಕೀನಿಂಗ್ ಕಠಾರಿಯಿಂದ ಅದನ್ನೇ ಮರಳಿ ಮಾಡಲು ಹೋಗಿ ನಮ್ಮ ಕಣ್ಣೆದುರೇ ಮಾಯವಾಗುತ್ತಾನೆ. ಆಮೇಲೆ ಅವನ ನೆರಳನ್ನು ನಾವು ಮಂತ್ರದಿಂದ ಕರೆಯಬಹುದು. ಹಾಗಾದರೆ ಮಾಯವಾದವರು ನಾಶವಾಗಿಲ್ಲ, ಬೇರೆ ಎಲ್ಲೋ ಸಿಕ್ಕಿಕೊಂಡಿದ್ದಾರೆ ಎಂದು ಬರೆದೆ. ಅದಕ್ಕೆ ನನ್ನ ತಮ್ಮ ಒಳ್ಳೆಯ ಪ್ರಶ್ನೆ ಹಾಕಿದ: "ಅಣ್ಣ, ಮಾರೋವಿಂಡ್‌ನ ಪಾಳು ಕೋಟೆಗಳಾಗ ಡ್ವೆಮರ್ ಭೂತ ಬರ್ತಾವಲ್ಲ, ಅವು ಮೊದಲೇ ಸತ್ತೋರವೋ, ಮಾಯ ಆದೋರವೋ?"

ಮಾಯವಾದವರದ್ದೇ ಆದರೆ ಅವು ಮತ್ತು ಆರ್ನಿಯೆಲ್‌ನ ನೆರಳು ಒಂದೇ ಜಾತಿ. ಅದಕ್ಕೇ ಈಗ ಮಾರೋವಿಂಡ್‌ನ ಜೊತೆ ಬಂದ, ಆಟದ ಒಳಗೆ ಏನೇನು ಎಲ್ಲೆಲ್ಲಿ ಇಟ್ಟಿದ್ದಾರೆ ಎಂದು ತೋರಿಸುವ ಕನ್‌ಸ್ಟ್ರಕ್ಷನ್ ಸೆಟ್ ತೆರೆದು ಒಂದೊಂದೇ ಪಾಳು ಕೋಟೆ ನೋಡುತ್ತಿದ್ದೇನೆ. ಯಾದೃಚ್ಛಿಕ ಪಟ್ಟಿಯಿಂದ ತಾನಾಗಿ ಬರುವ ಭೂತಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಟ ಮಾಡಿದವರು ಬೇಕೆಂದೇ ಕೈಯಾರೆ ಒಂದು ಕೋಣೆಯಲ್ಲಿ ನಿಲ್ಲಿಸಿದವನ್ನು ಮಾತ್ರ ಬರೆದುಕೊಳ್ಳುತ್ತೇನೆ. ಆ ಕೋಣೆಯಲ್ಲಿ ಗೋರಿ ಇದೆಯಾ, ಕೆಲಸದ ಮೇಜು ಇದೆಯಾ ಎಂಬುದನ್ನೂ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಜಾಸ್ತಿ ಭೂತಗಳು ಗೋರಿಗಳ ಪಕ್ಕದಲ್ಲೇ ಸಿಕ್ಕರೆ ಈ ಪುಟಕ್ಕೂ ಅಡ್ಡಗೆರೆ.