ಹೇ ಶೈರ್‌ಗೆ ಬರುವ ಕನ್ನಡಿಗರಿಗೆ: ಯಾವ ಕೆಲಸಕ್ಕೆ ಯಾವ ಬಾಗಿಲು

ನಮ್ಮ ತುಮಕೂರು ಜಿಲ್ಲೆಗಿಂತ ಸ್ವಲ್ಪ ದೊಡ್ಡ ಜಾಗವನ್ನು ಊಹಿಸಿಕೊಳ್ಳಿ. ತುಮಕೂರಿನಲ್ಲಿ 2011ರ ಜನಗಣತಿಯಲ್ಲೇ 26 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಇಲ್ಲಿ 2021ರ ಲೆಕ್ಕದಲ್ಲಿ ಮೂರು ಸಾವಿರವೂ ಇಲ್ಲ. ಇದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಹೇ ಶೈರ್. ಶೈರ್ ಅಂದರೆ ಒಂದು ಸ್ಥಳೀಯ ಆಡಳಿತ ಪ್ರದೇಶ. ವಿಸ್ತೀರ್ಣ ಸುಮಾರು 11,300 ಚದರ ಕಿ.ಮೀ. ಸಿಡ್ನಿಯಿಂದ ಅಡಿಲೇಡ್‌ಗೆ ಸ್ಟರ್ಟ್ ಹೆದ್ದಾರಿಯಲ್ಲಿ ಕಾರು ಓಡಿಸಿದವರು ಈ ಊರನ್ನು ದಾಟಿಯೇ ಹೋಗಿರುತ್ತೀರಿ. ಗುಡ್ಡ ಅನ್ನುವುದೇ ಇಲ್ಲ. ಸಂಜೆ ಸೂರ್ಯ ನೆಲದ ಅಂಚಿನವರೆಗೂ ಕಾಣುತ್ತಾನೆ. ಮರಂಬಿಡ್ಜಿ ನದಿಯ ದಂಡೆಯಲ್ಲಿ ಹೇ ಪಟ್ಟಣ, ಆಮೇಲೆ ಬೂಲಿಗಲ್, ಮಾಡ್ ಎಂಬ ಎರಡು ಪುಟ್ಟ ಹಳ್ಳಿಗಳು. ಉಳಿದದ್ದೆಲ್ಲ ಕುರಿ, ದನ, ನೀರಾವರಿ ಹೊಲ. ಇದು ನಾರಿ ನಾರಿ ಮೂಲನಿವಾಸಿಗಳ ನೆಲ.

ಇಂಥ ಕಡೆಗೆ ನಮ್ಮವರು ಯಾಕೆ ಬರುತ್ತಾರೆ? ಮುಖ್ಯವಾಗಿ 491 ವೀಸಾದಿಂದ, ಅಂದರೆ ದೊಡ್ಡ ನಗರಗಳ ಹೊರಗೆ (ರೀಜನಲ್ ಪ್ರದೇಶದಲ್ಲಿ) ಇದ್ದು ದುಡಿಯುವ ನುರಿತ ಕೆಲಸಗಾರರಿಗೆ ಕೊಡುವ ತಾತ್ಕಾಲಿಕ ವೀಸಾದಿಂದ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ದೇಶವೆಲ್ಲ ಈ ವೀಸಾ ಲೆಕ್ಕದಲ್ಲಿ ರೀಜನಲ್. ನರ್ಸ್, ವೃದ್ಧರ ಆರೈಕೆ, ಎಂಜಿನಿಯರ್, ಶಿಕ್ಷಕ ಕೆಲಸಗಳಿಗೆ ಚಿಕ್ಕ ಊರುಗಳಲ್ಲಿ ಜನ ಬೇಕೇ ಬೇಕು. ಬಂದ ಮೊದಲ ತಿಂಗಳು ಎಲ್ಲರೂ ಮಾಡುವ ತಪ್ಪು ಒಂದೇ. ಪ್ರತಿಯೊಂದಕ್ಕೂ ಶೈರ್ ಆಫೀಸಿಗೆ ಹೋಗುವುದು, ಇಲ್ಲವೇ ಯಾವುದಕ್ಕೂ ಹೋಗದೆ ಇರುವುದು. ನಾನು ಎರಡನ್ನೂ ಮಾಡಿದ್ದೇನೆ.

ಶೈರ್ ಕೌನ್ಸಿಲ್ ಅಂದರೆ ನಮ್ಮ ಗ್ರಾಮ ಪಂಚಾಯಿತಿ, ಪುರಸಭೆ, ತಾಲ್ಲೂಕು ಪಂಚಾಯಿತಿ ಮೂರೂ ಸೇರಿದ ಒಂದೇ ಸಂಸ್ಥೆ ಅನ್ನಬಹುದು. ತಹಶೀಲ್ದಾರರ ಕೆಲಸ ಮಾತ್ರ ಇದರಲ್ಲಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ. ಮನೆ ಕೊಂಡವರು ಖಾತೆ ಬದಲಾವಣೆಗೆ ಕೌನ್ಸಿಲ್‌ಗೆ ಓಡಬೇಕಿಲ್ಲ. ಜಮೀನಿನ ಹಕ್ಕಿನ ದಾಖಲೆ ಇರುವುದು ರಾಜ್ಯದ ಭೂ ನೋಂದಣಿಯಲ್ಲಿ. ಕೌನ್ಸಿಲ್ ಕಳಿಸುವ ರೇಟ್ಸ್ ನೋಟಿಸ್ ಬರೀ ಕಂದಾಯದ ಬಿಲ್, ಅದು ಮಾಲೀಕತ್ವದ ಪುರಾವೆ ಅಲ್ಲ. ಆದರೆ ಕೊಳ್ಳುವ ಮುಂಚೆ ಕೌನ್ಸಿಲ್‌ನಿಂದ ಬರುವ 10.7 ಪ್ರಮಾಣಪತ್ರವನ್ನು ನೀವೇ ಕೂತು ಓದಿ, ವಕೀಲರಿಗೆ ಬಿಟ್ಟು ಸುಮ್ನೆ ಇರಬೇಡಿ. ಜಾಗ ಯಾವ ವಲಯದ್ದು, ಪ್ರವಾಹದ ನಿಯಮ ಅನ್ವಯಿಸುತ್ತದಾ, ಕಾಡ್ಗಿಚ್ಚಿನ ಪ್ರದೇಶವಾ, ಎಲ್ಲ ಅದರಲ್ಲಿರುತ್ತದೆ. ನದಿ ಪಕ್ಕದ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಕಂದಾಯದ ಲೆಕ್ಕ ಹೀಗೆ. ರೇಟ್ಸ್ ಹಾಕುವುದು ಜಾಗದ ಬೆಲೆಯ ಮೇಲೆ, ಮೇಲಿರುವ ಮನೆಯ ಮೇಲಲ್ಲ. ನಾಲ್ಕು ಕಂತು: ಆಗಸ್ಟ್, ನವೆಂಬರ್, ಫೆಬ್ರವರಿ, ಮೇ ತಿಂಗಳ ಕೊನೆಗೆ. ಕಟ್ಟಲು ಕಷ್ಟವಾದರೆ ಮುಂಚೆಯೇ ಫೋನ್ ಮಾಡಿ, ಕಂತು ಮಾಡಿಸಿಕೊಳ್ಳಬಹುದು. ರೇಟ್ಸ್ ಒಟ್ಟು ವಸೂಲಿ ವರ್ಷಕ್ಕೆ ಎಷ್ಟು ಏರಬಹುದು ಅನ್ನುವುದಕ್ಕೂ ಮಿತಿ ಇದೆ. ಅದನ್ನು ರಾಜ್ಯದ ಸ್ವತಂತ್ರ ಮಂಡಳಿಯೊಂದು ನಿಗದಿ ಮಾಡುತ್ತದೆ. ಮೂರು ಸಾವಿರ ಜನರ ಕಂದಾಯದಲ್ಲಿ ಇಷ್ಟು ಉದ್ದದ ರಸ್ತೆಗಳನ್ನು ನೋಡಿಕೊಳ್ಳಲು ಆಗುವುದಿಲ್ಲ ಅಲ್ವಾ? ಅದಕ್ಕೇ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅನುದಾನ ಇಲ್ಲದೆ ಇಂಥ ಶೈರ್‌ಗಳು ನಡೆಯುವುದೇ ಇಲ್ಲ.

ರಸ್ತೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಜೀವವೇ ಅದರ ಮೇಲೆ ನಿಂತಿದೆ. ಸ್ಟರ್ಟ್, ಕಾಬ್, ಮಿಡ್ ವೆಸ್ಟರ್ನ್ ಈ ಮೂರು ಹೆದ್ದಾರಿಗಳು ಹೇ ಬಳಿ ಸೇರುತ್ತವೆ. ಅವುಗಳ ಹೊಣೆ ಮುಖ್ಯವಾಗಿ ರಾಜ್ಯದ್ದು. ಹೊಲಗಳ ಕಡೆಗೆ ಹೋಗುವ ಮಣ್ಣಿನ ರಸ್ತೆಗಳು ಕೌನ್ಸಿಲ್‌ನವು. ಗ್ರೇಡರ್ ಬಂದು ಅವನ್ನು ಹದ ಮಾಡಿ ಹೋಗುತ್ತದೆ. ಮಳೆ ಬಂದರೆ ಕಪ್ಪು ಮಣ್ಣು ಗೋಂದಿನ ಹಾಗೆ ಟೈರಿಗೆ ಅಂಟುತ್ತದೆ, ಕೌನ್ಸಿಲ್ ರಸ್ತೆ ಮುಚ್ಚುತ್ತದೆ. ಮುಚ್ಚಿದ ರಸ್ತೆಗೆ ಇಳಿದರೆ ದಂಡ ಬೀಳುತ್ತದೆ. ಅದಕ್ಕಿಂತ ಜಾಸ್ತಿ ನೋವಾಗುವುದು, ನಿಮ್ಮ ಗಾಲಿಯ ಗುಂಡಿ ಒಣಗಿ ಕಲ್ಲಾಗಿ ಹೊಲದವರಿಗೆ ತಿಂಗಳುಗಟ್ಟಲೆ ಕಾಟ ಕೊಡುತ್ತದೆ ಅನ್ನುವುದು. ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ಅಂತ ಕೌನ್ಸಿಲ್ ಪ್ರಕಟಣೆ ನೋಡಿ. ಮುಸ್ಸಂಜೆ ಕಾಂಗರೂಗಳು ರಸ್ತೆಗೆ ಬರುತ್ತವೆ. ಆ ಹೊತ್ತಿಗೆ ಮನೆ ಸೇರಿಕೊಂಡಿರುವುದೇ ಒಳ್ಳೆಯದು.

ಕುಡಿಯುವ ನೀರು, ಒಳಚರಂಡಿ, ಕಸ, ಗ್ರಂಥಾಲಯ, ಈಜುಕೊಳ, ಸ್ಮಶಾನ ಇವೆಲ್ಲ ಕೌನ್ಸಿಲ್‌ನವು. ಸಿಡ್ನಿಯಲ್ಲಿ ನೀರಿಗೆ ಬೇರೆ ಸಂಸ್ಥೆ ಇದೆ, ಇಲ್ಲಿ ಹಾಗಲ್ಲ. ನಾಯಿ ಸಾಕಿದರೆ ಅದಕ್ಕೆ 12 ವಾರ ವಯಸ್ಸಾಗುವುದರೊಳಗೆ ಮೈಕ್ರೋಚಿಪ್, ಆರು ತಿಂಗಳ ವಯಸ್ಸಿನೊಳಗೆ ನೋಂದಣಿ ಕಡ್ಡಾಯ. ಮನೆಗೆ ಒಂದು ಕೋಣೆ ಸೇರಿಸಬೇಕಾದರೂ ಮೊದಲು ಅಲ್ಲಿ ಕೇಳಿ.

ಆಸ್ಪತ್ರೆ, ಶಾಲೆ, ಪೊಲೀಸ್ ರಾಜ್ಯದ್ದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವುದು ರಾಜ್ಯದ ಸೇವಾ ಕೇಂದ್ರವಾದ ಸರ್ವಿಸ್ ಎನ್‌ಎಸ್‌ಡಬ್ಲ್ಯೂನಲ್ಲಿ. ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ), ವೀಸಾ, ತೆರಿಗೆ ಕೇಂದ್ರದ್ದು. ತಜ್ಞ ವೈದ್ಯರನ್ನು ನೋಡಲು ಹೋಗುವ ದಾರಿ ಒಂದು ಕಡೆಗೆ 100 ಕಿ.ಮೀ. ದಾಟಿದರೆ, ಪ್ರಯಾಣ ಮತ್ತು ವಸತಿಗೆ ರಾಜ್ಯದ ಐಪ್ಟಾಸ್ ಯೋಜನೆಯಲ್ಲಿ ಸಹಾಯಧನ ಸಿಗುತ್ತದೆ. ಅರ್ಹತೆ ನೋಡಿ ಅರ್ಜಿ ಹಾಕಿ. ನಮ್ಮವರು ಬಹಳ ಜನ ಇದನ್ನು ಕೇಳುವುದೇ ಇಲ್ಲ, ಕೈಯಿಂದ ಖರ್ಚು ಮಾಡಿಕೊಂಡು ಸುಮ್ಮನಾಗುತ್ತಾರೆ.

ಇನ್ನು ಅಧಿಕಾರದ ಮಾತು. ಕೌನ್ಸಿಲರ್‌ಗಳನ್ನು ನಾಲ್ಕು ವರ್ಷಕ್ಕೊಮ್ಮೆ ಜನ ಆರಿಸುತ್ತಾರೆ. ಕಳೆದ ಚುನಾವಣೆ 2024ರ ಸೆಪ್ಟೆಂಬರ್‌ನಲ್ಲಿ ಆಯಿತು. ಅವರಿಗೆ ಇದು ಪೂರ್ತಿ ಹೊತ್ತಿನ ನೌಕರಿ ಅಲ್ಲ. ದಿನದ ಕೆಲಸ ನಡೆಸುವವರು ಜನರಲ್ ಮ್ಯಾನೇಜರ್. ಸ್ಥಳೀಯ ಸರ್ಕಾರದ ಹೆಸರು ಈ ದೇಶದ ಸಂವಿಧಾನದಲ್ಲೇ ಇಲ್ಲ. ಸೇರಿಸಲು 1974 ಮತ್ತು 1988ರಲ್ಲಿ ಜನಮತ ಕೇಳಿದರು, ಎರಡೂ ಸಲ ಸೋತಿತು. ಹಾಗಾಗಿ ರಾಜ್ಯ ಮನಸ್ಸು ಮಾಡಿದರೆ ಕೌನ್ಸಿಲ್ ಅನ್ನೇ ಕೆಳಗಿಳಿಸಬಹುದು. ಉತ್ತರದ ಸೆಂಟ್ರಲ್ ಡಾರ್ಲಿಂಗ್ ಶೈರ್ 2013ರ ಕೊನೆಯಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. ರಾಜ್ಯದ ಪಶ್ಚಿಮ ತುದಿಯಲ್ಲಂತೂ ಕೌನ್ಸಿಲ್ಲೇ ಇಲ್ಲದ ದೊಡ್ಡ ಪ್ರದೇಶವಿದೆ. ಚುನಾಯಿತ ಸದಸ್ಯರಿರುವ ಪುಟ್ಟ ಶೈರ್ ಒಂದು ಭಾಗ್ಯ ಅಂತ ನನಗೆ ಅನ್ನಿಸುವುದು ಇದಕ್ಕೇ.

ವೀಸಾದಲ್ಲಿರುವ ನಮಗೆ, ಪಿಆರ್ (ಕಾಯಂ ವಾಸದ ಅನುಮತಿ) ಆದವರಿಗೂ, ಓಟಿಲ್ಲ. ಆದರೆ ಮಾತಿಗೆ ಅಡ್ಡಿಯಿಲ್ಲ. ಕೌನ್ಸಿಲ್ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಪ್ರತಿ ವರ್ಷ ಜುಲೈಗೆ ಮುಂಚೆ ಬಜೆಟ್ ಕರಡನ್ನು ಕನಿಷ್ಠ 28 ದಿನ ಜನರ ಮುಂದಿಡಬೇಕು. ಆಗ ಬಾಡಿಗೆ ಮನೆಯಲ್ಲಿರುವವರೂ ಒಂದು ಪುಟ ಬರೆದು ಕೊಡಬಹುದು. ಮಗುವಿನ ಆರೈಕೆ ಕೇಂದ್ರದಲ್ಲಿ ಜಾಗ ಸಾಲದು, ಪಾರ್ಕಿನಲ್ಲಿ ನೆರಳಿಲ್ಲ, ಏನೇ ಇರಲಿ. ದೊಡ್ಡ ನಗರದಲ್ಲಿ ನಿಮ್ಮ ಪತ್ರ ನೂರರಲ್ಲಿ ಒಂದಾಗಬಹುದು. ಇಲ್ಲಿ ಬರುವ ಪತ್ರಗಳೇ ಕೆಲವು. ಓದಿದವರು ಅಂಗಡಿಯಲ್ಲಿ ಸಿಕ್ಕಾಗ ನಿಲ್ಲಿಸಿ ಮಾತಾಡಿಸುತ್ತಾರೆ.

ಮುಂದೆ ಪೌರತ್ವ ಸಿಕ್ಕರೆ, ಪ್ರಮಾಣವಚನದ ಸಮಾರಂಭವನ್ನು ಏರ್ಪಡಿಸುವುದೂ ಸಾಮಾನ್ಯವಾಗಿ ಕೌನ್ಸಿಲ್ಲೇ. ಹೆಚ್ಚಾಗಿ ಅದನ್ನು ನಡೆಸಿಕೊಡುವವರು ಮೇಯರ್. ಅದಾದ ಮೇಲೆ ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಅಲ್ಲಿಂದಾಚೆ ಶೈರ್ ಚುನಾವಣೆಯಲ್ಲೂ ಓಟು ಹಾಕುವುದು ಕಡ್ಡಾಯ, ತಪ್ಪಿದರೆ ದಂಡ.