ಹುಳಿಪುಡಿ ಡಬ್ಬಿ ಹಿಡಿದು ಮೂವರು ಗೆಳತಿಯರ ಮನೆಗೆ

ಮೈಸೂರಿನ ಹಾಸ್ಟೆಲ್‌ನಲ್ಲಿ ನಾವು ನಾಲ್ವರು ಒಂದೇ ರೂಮಿನಲ್ಲಿದ್ದೆವು. ಈಗ ಒಬ್ಬಳು ಜರ್ಮನಿಯ ಮ್ಯೂನಿಕ್‌ನಲ್ಲಿ, ಒಬ್ಬಳು ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ, ಇನ್ನೊಬ್ಬಳು ಲಂಡನ್‌ನಲ್ಲಿ. ಹೋದ ಮೇ ತಿಂಗಳಲ್ಲಿ 17 ದಿನ ರಜೆ ಹಾಕಿ ಮೂವರನ್ನೂ ನೋಡಿಕೊಂಡು ಬಂದೆ.

ಟಿಕೆಟ್ ನೋಡುವ ಮುಂಚೆ ಅವರವರ ಬಿಡುವು ಕೇಳಿದೆ. ನಾನು ಹೋಗ್ತಿದ್ದದ್ದು ಅವರಿಗಾಗಿ, ಊರು ನೋಡೋಕಲ್ಲ. ಲಂಡನ್ ಕೊನೆಗೆ ಇಟ್ಟುಕೊಂಡೆ. ಬ್ರಿಟನ್ನಿಗೆ ಬೇರೆ ವೀಸಾ ಬೇಕು. ಮಧ್ಯೆ ಅಲ್ಲಿಗೆ ಹೋದರೆ, ಒಂದೇ ಪ್ರವೇಶದ ಷೆಂಗೆನ್ ವೀಸಾದಲ್ಲಿ (ಜರ್ಮನಿ, ನೆದರ್‌ಲೆಂಡ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಮತ್ತೆ ಜರ್ಮನಿಗೆ ಕಾಲಿಡೋಕಾಗಲ್ಲ. ಜಾಸ್ತಿ ರಾತ್ರಿ ಉಳಿಯುವ ದೇಶಕ್ಕೆ ಷೆಂಗೆನ್ ಅರ್ಜಿ ಹಾಕಬೇಕು. ನನ್ನದು ಜರ್ಮನಿಯಲ್ಲಿ 6 ರಾತ್ರಿ, ಹಾಗಾಗಿ ಅಲ್ಲಿಗೇ ಹಾಕಿದೆ. ಕನಿಷ್ಠ 30,000 ಯೂರೊ ಖರ್ಚು ಭರಿಸುವ ವೈದ್ಯಕೀಯ ವಿಮೆಯೂ ಬೇಕು.

ಹೊರಡುವ ಮುನ್ನ ಮ್ಯೂನಿಕ್ ಗೆಳತಿಯ ಅಮ್ಮನ ಮನೆಗೆ ಹೋಗಿದ್ದೆ. ಮಗಳಿಗೆಂದು ತುಪ್ಪದ ಬಾಟಲಿ ತಂದಿಟ್ಟರು. ಯುರೋಪಿಗೆ ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ ಅಂತ ಹೇಳುವಾಗ ನನಗೇ ಕಷ್ಟವಾಯಿತು. ಅವರು ಎದ್ದು ಒಳಗೆ ಹೋಗಿ, ಸ್ಟೀಲ್ ಡಬ್ಬಿ ತುಂಬ ಹುಳಿಪುಡಿ ಒತ್ತಿ ಒತ್ತಿ ತುಂಬಿ ತಂದರು.

ಶುಕ್ರವಾರವೇ ಮ್ಯೂನಿಕ್ ತಲುಪಿದೆ, ಶನಿವಾರ ಭಾನುವಾರ ಅವಳಿಗೆ ರಜೆ ಅಂತ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ಮನೆಯಲ್ಲಿ ಇದ್ದದ್ದು ಕ್ಯಾರೆಟ್, ಎರಡು ಆಲೂಗಡ್ಡೆ, ತೊಗರಿಬೇಳೆ. ಅವಳು ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಎಷ್ಟೋ ಹೊತ್ತು ಮಾತೇ ಇಲ್ಲ. ಆಮೇಲೆ ಒಂದು ಚಿಟಿಕೆ ನಾಲಿಗೆ ಮೇಲಿಟ್ಟುಕೊಂಡು, "ಅಮ್ಮ ಈಗ ಮೆಂತ್ಯ ಜಾಸ್ತಿ ಹಾಕ್ತಾಳೆ ಕಣೇ" ಅಂದಳು. ಅಮ್ಮನ ಮೊಣಕಾಲು ನೋವು, ಮೆಟ್ಟಿಲು ಹತ್ತೋದು, ಒಬ್ಬಳೇ ಇರೋದು, ಎಲ್ಲವನ್ನೂ ಆಗ ಕೇಳಿದಳು. ಫೋನಿನಲ್ಲಿ ಇದನ್ನೆಲ್ಲ ಮಾತಾಡಿರಲಿಲ್ಲ ನಾವು. ಹುಳಿ ಕುದಿಯುತ್ತಲೇ ಇತ್ತು.

ಐಂಡ್‌ಹೋವನ್‌ಗೆ ರೈಲಿನಲ್ಲಿ ಹೋದೆ. ಮೊದಲ ರೈಲು ತಡವಾಗಿ ಡುಸೆಲ್‌ಡಾರ್ಫ್‌ನಲ್ಲಿ ಮುಂದಿನದು ತಪ್ಪಿತು. ಕೊನೆಯವರೆಗೂ ಒಂದೇ ಟಿಕೆಟ್ ಮಾಡಿಸಿದ್ದಕ್ಕೆ ಇನ್ನೊಂದು ರೈಲಿಗೆ ಹತ್ತಲು ಬಿಟ್ಟರು. ತುಂಡು ತುಂಡಾಗಿ ಟಿಕೆಟ್ ತಗೊಂಡು ನಾಲ್ಕು ಕಾಸು ಉಳಿಸೋಕೆ ಹೋಗಬೇಡಿ. ಅಲ್ಲಿ 3 ರಾತ್ರಿ ಇದ್ದೆ. ಗೆಳತಿ ಆಫೀಸಿಗೆ ಹೋದಾಗ ನನ್ನ ಬಟ್ಟೆ ಒಗೆದುಕೊಂಡು, ಅಡುಗೆ ಮಾಡಿಟ್ಟು, ಅವಳ ಮಗುವಿನ ಜೊತೆ ಆಡಿದೆ.

ಮುಂದಿನ ರಾತ್ರಿ ಬ್ರಸೆಲ್ಸ್‌ನಲ್ಲಿ ಒಬ್ಬಳೇ ಹೋಟೆಲ್‌ನಲ್ಲಿದ್ದೆ. ಸತತವಾಗಿ ಇನ್ನೊಬ್ಬರ ಮನೆಯಲ್ಲಿರುವಾಗ ಇಂಥ ಒಂದು ರಾತ್ರಿ ಬೇಕೇ ಬೇಕು. ಲಂಡನ್ ರೈಲು ಹತ್ತುವ ಮುಂಚೆ ಬ್ರಸೆಲ್ಸ್‌ನಲ್ಲೇ ಬ್ರಿಟನ್ನಿನವರು ಪಾಸ್‌ಪೋರ್ಟ್ ನೋಡುತ್ತಾರೆ, ಅದಕ್ಕೆ ಬೇಗ ಹೋಗಬೇಕು. ಸುಮಾರು ಎರಡು ಗಂಟೆಯ ಪ್ರಯಾಣ.

ಲಂಡನ್ ಗೆಳತಿ ನನ್ನನ್ನು ಮೊದಲು ಕರೆದೊಯ್ದದ್ದು ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಗೆ. 2015ರ ನವೆಂಬರ್‌ನಲ್ಲಿ ಅನಾವರಣವಾದದ್ದು. ಜಿಟಿಜಿಟಿ ಮಳೆ. ಒಂದೇ ಕೊಡೆಯಲ್ಲಿ ನಿಂತು ಸಂಜೆವರೆಗೂ ಹಾಸ್ಟೆಲ್ ದಿನಗಳ ಮಾತಾಡಿದೆವು.

ವಾಪಸ್ ಬಂದ ವಾರವೇ ಸ್ಟೀಲ್ ಡಬ್ಬಿ ಕೊಡೋಕೆ ಮೈಸೂರಿಗೆ ಹೋದೆ. ಖಾಲಿ ಡಬ್ಬಿ ಕೊಡಬಾರದಲ್ವಾ, ಮಗಳು ಅದರ ತುಂಬ ಬಾದಾಮಿ ಹಾಕಿ ಕಳಿಸಿದ್ದಳು. ಅಮ್ಮ ಮುಚ್ಚಳ ತೆಗೆದು ನೋಡಿ, "ಹುಳಿ ಇಷ್ಟ ಆಯ್ತಂತಾ ಅವಳಿಗೆ?" ಅಂತ ಕೇಳಿದರು. ಮೆಂತ್ಯದ ಮಾತನ್ನೂ ಹೇಳಿಬಿಟ್ಟೆ.