ಉಳಿಸಿದ ದುಡ್ಡು ಸಾಲಕ್ಕೇ ಸೇರಲಿ: ಮನೆ ಖರ್ಚು ಇಳಿಸಿ ಸಾಲ ತೀರಿಸುವ ಕ್ರಮ

ಸಾಲ ತೀರಿಸಬೇಕು ಎಂದು ಹೊರಟವರಲ್ಲಿ ಹೆಚ್ಚಿನವರು ಖರ್ಚನ್ನು ನಿಜಕ್ಕೂ ಕಡಿಮೆ ಮಾಡುತ್ತಾರೆ. ಹೋಟೆಲ್ ಬಿಡುತ್ತಾರೆ, ಹಬ್ಬಕ್ಕೆ ಬಟ್ಟೆ ತೆಗೆಯುವುದು ಬಿಡುತ್ತಾರೆ. ಆರು ತಿಂಗಳು ಬಿಟ್ಟು ನೋಡಿದರೆ ಸಾಲ ಮಾತ್ರ ಇದ್ದಲ್ಲೇ ಇರುತ್ತದೆ. ಸಹಕಾರ ಸಂಘದ ಕೌಂಟರಿನಲ್ಲಿ ಕೂತು ಇಂಥವರನ್ನು ಬಹಳ ನೋಡಿದ್ದೇನೆ. ಅವರು ಉಳಿಸಿದ್ದು ಸುಳ್ಳಲ್ಲ. ಉಳಿದದ್ದು ಉಳಿತಾಯ ಖಾತೆಯಲ್ಲೇ ಕೂತಿತ್ತು. ಗಾಡಿ ರಿಪೇರಿ ಬಂತು, ನೆಂಟರ ಮದುವೆ ಬಂತು, ಖಾಲಿಯಾಯಿತು. ಹಾಗಾಗಿ ಇಲ್ಲಿ ಖರ್ಚು ಇಳಿಸುವುದಕ್ಕಿಂತ, ಇಳಿಸಿದ ದುಡ್ಡನ್ನು ಸಾಲಕ್ಕೆ ಮುಟ್ಟಿಸುವ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಹಂತ 1: ಸಾಲಗಳನ್ನೆಲ್ಲ ಒಂದೇ ಪುಟದಲ್ಲಿ ಬರೆಯಿರಿ

ಗಂಡ ಹೆಂಡತಿ ಇಬ್ಬರೂ ಕೂತು ಬರೆಯಬೇಕು. ಹೆಂಡತಿಗೆ ಗೊತ್ತಿಲ್ಲದ ಕ್ರೆಡಿಟ್ ಕಾರ್ಡ್, ಗಂಡನಿಗೆ ಗೊತ್ತಿಲ್ಲದ ಸಂಘದ ಸಾಲ ಎರಡೂ ಆ ದಿನವೇ ಹೊರಗೆ ಬರಲಿ. ಯಾರಿಗೆ ಕೊಡಬೇಕು, ಬಾಕಿ ಎಷ್ಟು, ತಿಂಗಳ ಕಂತು ಎಷ್ಟು, ಬಡ್ಡಿ ಎಷ್ಟು, ಈ ನಾಲ್ಕು ಸಾಕು.

ಬಡ್ಡಿಯನ್ನು ಮಾತ್ರ ನಮ್ಮ ಕಡೆ ಹೇಳುವ ಹಾಗೆಯೇ ಬರೆಯಿರಿ, ತಿಂಗಳಿಗೆ ನೂರಕ್ಕೆ ಎಷ್ಟು ರೂಪಾಯಿ ಅಂತ. ವರ್ಷಕ್ಕೆ ಶೇ 12 ಅಂದರೆ ಒಂದು ರೂಪಾಯಿ ಬಡ್ಡಿ. ಶೇ 42 ಅಂದರೆ ಮೂರೂವರೆ ರೂಪಾಯಿ. ಕ್ರೆಡಿಟ್ ಕಾರ್ಡಿನ ಬಾಕಿಗೆ ಅನೇಕ ಬ್ಯಾಂಕುಗಳು ಹಾಕುವುದು ಹೆಚ್ಚುಕಡಿಮೆ ಈ ಮೂರೂವರೆ ರೂಪಾಯಿಯೇ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ಊರಲ್ಲಿ ಯಾರಾದರೂ ಮೂರು ರೂಪಾಯಿ ಬಡ್ಡಿ ಕೇಳಿದರೆ ಅವರ ಹತ್ತಿರವೂ ಸುಳಿಯದ ಜನ, ಕಾರ್ಡಿನ ಬಾಕಿಯನ್ನು ವರ್ಷಗಟ್ಟಲೆ ಹಾಗೇ ಇಟ್ಟುಕೊಂಡಿರುತ್ತಾರೆ.

ಬಡ್ಡಿ ಜಾಸ್ತಿ ಇರುವ ಸಾಲ ಮೇಲೆ, ಕಡಿಮೆ ಇರುವುದು ಕೆಳಗೆ. ತೀರಿಸುವುದೂ ಇದೇ ಕ್ರಮದಲ್ಲಿ. ಸಣ್ಣ ಸಾಲ ಮೊದಲು ಮುಗಿಸಿದರೆ ಹುಮ್ಮಸ್ಸು ಬರುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಹುಮ್ಮಸ್ಸಿಗೆ ಕೊಡುವ ಬಡ್ಡಿ ದುಬಾರಿ. ಭಾವನೋ ಅಣ್ಣನೋ ಬಡ್ಡಿಯಿಲ್ಲದೆ ಕೊಟ್ಟ ಕೈಸಾಲ ಕೊನೆಗಿರಲಿ. ಆದರೆ ಅವರ ಮನೆಗೆ ಹೋಗಿ, ಇಂಥ ತಿಂಗಳಿಂದ ಕೊಡುತ್ತೇನೆ ಎಂದು ಎದುರಿಗೇ ಹೇಳಿ ಬನ್ನಿ. ಸುಮ್ಮನಿದ್ದರೆ ಸಂಬಂಧ ಕೆಡುತ್ತದೆ.

ಹಂತ 2: ಮೂರು ತಿಂಗಳ ಖರ್ಚು ನೋಡಿ

ಫೋನಿನ ಯುಪಿಐ ಪಟ್ಟಿ ಮತ್ತು ಪಾಸ್‌ಬುಕ್ ಸಾಕು. ಖರ್ಚಿನ ಲೆಕ್ಕ ಇಡುವ ಆ್ಯಪ್‌ ಬೇಡ. ಅವುಗಳಲ್ಲಿ ಹಲವು ಎರಡನೇ ವಾರಕ್ಕೇ ನಿಮಗೆ ಸಾಲ ಬೇಕಾ ಎಂದು ಕೇಳಲು ಶುರು ಮಾಡುತ್ತವೆ.

ಹಂತ 3: ಕಡಿತ

ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ. ಕೊತ್ತಂಬರಿ ತರಿಸಲು ಹೋಗಿ ಐಸ್‌ಕ್ರೀಮ್, ಚಿಪ್ಸ್ ತರಿಸುವುದು ಅಲ್ಲೇ. ದಿನಸಿಗೆ ಚೀಟಿ ಬರೆದುಕೊಂಡು ತಿಂಗಳಿಗೆ ಒಂದೇ ಸಲ ಅಂಗಡಿಗೆ ಹೋಗಿ.

ಕರೆಂಟ್ ಬಿಲ್ಲನ್ನು ಗಮನವಿಟ್ಟು ಓದಿ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತು ಮಾಡಿದ ಯೂನಿಟ್ ಮೀರಿದರೆ, ಮೀರಿದಷ್ಟಕ್ಕೆ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಾಟಿಸುವುದು ಹೆಚ್ಚಾಗಿ ಗೀಸರ್. 2,000 ವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಸ್ವಿಚ್ ಆರಿಸಿ.

ಬಿಪಿ, ಶುಗರ್ ಮಾತ್ರೆ ದಿನಾ ತಗೊಳ್ಳುವ ಹಿರಿಯರಿದ್ದರೆ, ಮಾತ್ರೆಯ ಜೆನೆರಿಕ್ ಹೆಸರು ಬರೆದುಕೊಡಲು ಡಾಕ್ಟರನ್ನು ಕೇಳಿ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಮನೆಯ ಹೆಂಗಸರು ಕೆಲಸಕ್ಕೆ ಆಟೋದಲ್ಲಿ ಹೋಗುತ್ತಿದ್ದರೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ ಉಚಿತ. ಉಳಿದ ಆಟೋ ದುಡ್ಡನ್ನೂ ಲೆಕ್ಕಕ್ಕೆ ಬರೆಯಿರಿ.

ಮಕ್ಕಳ ಹಾಲು, ಸ್ಕೂಲ್ ಫೀಸು, ಆರೋಗ್ಯ ವಿಮೆ ಮುಟ್ಟಬೇಡಿ. ವಿಮೆ ನಿಲ್ಲಿಸಿದ ವರ್ಷವೇ ಆಸ್ಪತ್ರೆ ಸೇರಬೇಕಾಗಿ ಬಂದರೆ, ಹಳೇ ಸಾಲದ ಮೇಲೆ ಅದಕ್ಕಿಂತ ದೊಡ್ಡ ಸಾಲ ಕೂರುತ್ತದೆ.

ಶುರು ಮಾಡಲು ಆಷಾಢ ಒಳ್ಳೆಯ ತಿಂಗಳು. ಮದುವೆ, ಗೃಹಪ್ರವೇಶ ಇರುವುದಿಲ್ಲ, ಮುಯ್ಯಿಯ ಖರ್ಚು ಇರುವುದಿಲ್ಲ. ಆಷಾಢ ಸೇಲ್ ನಡೆಯುವ ಬೀದಿಗೆ ಮಾತ್ರ ಹೋಗಬೇಡಿ.

ಹಂತ 4: ಸಂಬಳದ ದಿನವೇ ದುಡ್ಡು ಸಾಗಿಸಿ

ಎಲ್ಲರೂ ಎಡವುವುದು ಇಲ್ಲಿ. ತಿಂಗಳ ಕೊನೆಗೆ ಉಳಿದದ್ದನ್ನು ಸಾಲಕ್ಕೆ ಕಟ್ಟೋಣ ಅಂದುಕೊಳ್ಳುತ್ತಾರೆ. ತಿಂಗಳ ಕೊನೆಗೆ ಉಳಿಯುವುದಿಲ್ಲ. ಕಡಿತದಿಂದ ಎಷ್ಟು ಉಳಿಯಬಹುದು ಎಂದು ಮೊದಲೇ ಲೆಕ್ಕ ಹಾಕಿ, ಸಂಬಳ ಬಿದ್ದ ದಿನವೇ, ಬಾಡಿಗೆಗೂ ದಿನಸಿಗೂ ಮುಂಚೆ, ಅಷ್ಟನ್ನು ಪಟ್ಟಿಯ ಮೊದಲ ಸಾಲಕ್ಕೆ ಕಟ್ಟಿಬಿಡಿ. ಮಿಕ್ಕಿದ್ದರಲ್ಲಿ ಸಂಸಾರ ನಡೆಯಬೇಕು.

ಒಂದು ಲೆಕ್ಕ ನೋಡೋಣ. ಕಾರ್ಡಿನಲ್ಲಿ 80,000 ರೂ ಬಾಕಿ ಇದೆ. ತಿಂಗಳ ಬಡ್ಡಿ 2,800 ರೂ, ಅದಕ್ಕೆ ಜಿಎಸ್‌ಟಿ 504 ರೂ. ಒಟ್ಟು 3,304. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ, 4,000 ರೂ ಎಂದಿರುತ್ತದೆ. ಅದನ್ನು ಕಟ್ಟಿ ನೆಮ್ಮದಿಯಾಗಿ ಇರುತ್ತೀರಿ. ಅಸಲಿಗೆ ಹೋದದ್ದು 696 ರೂಪಾಯಿ ಮಾತ್ರ. ಕಾರ್ಡನ್ನು ಒಮ್ಮೆಯೂ ಉಜ್ಜದೆ ತಿಂಗಳಿಗೆ 4,000ದಂತೆ ಕಟ್ಟುತ್ತಾ ಹೋದರೂ ತೀರಲು ಮೂರೂವರೆ ವರ್ಷ ದಾಟುತ್ತದೆ, ಕೈಯಿಂದ 1.7 ಲಕ್ಷಕ್ಕೂ ಹೆಚ್ಚು ಹೋಗುತ್ತದೆ. ಅದೇ ಮನೆಯವರು ಖರ್ಚಿನಲ್ಲಿ 9,000 ಉಳಿಸಿ, ಈ 4,000ಕ್ಕೆ ಸೇರಿಸಿ ತಿಂಗಳಿಗೆ 13,000 ಕಟ್ಟಿದರೆ ಎಂಟನೇ ತಿಂಗಳಿಗೆ ಚುಕ್ತಾ.

ಕಾರ್ಡಿಗೆ ಕಟ್ಟಲು ಕೊನೆ ದಿನಾಂಕದವರೆಗೆ ಕಾಯಬೇಡಿ. ಬಾಕಿ ಉಳಿಸಿಕೊಂಡವರಿಗೆ ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತಿರುತ್ತದೆ. 20ನೇ ತಾರೀಕಿನ ಬದಲು 1ಕ್ಕೆ ಕಟ್ಟಿದರೆ ಅಷ್ಟು ದಿನದ ಬಡ್ಡಿ ಉಳಿಯಿತು. ತಿಂಗಳಿಗೆ ಎರಡು ಮೂರು ಸಲವೂ ಕಟ್ಟಬಹುದು. ಆದರೆ ಬಿಲ್ ಬಂದ ಮೇಲೆ, ಕೊನೆ ದಿನಾಂಕಕ್ಕೆ ಮುಂಚೆ, ಮಿನಿಮಮ್ ಡ್ಯೂನಷ್ಟಾದರೂ ಸೇರಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ತಡ ಶುಲ್ಕ ಬೀಳುತ್ತದೆ.

ಬಾಕಿ ಇರುವಷ್ಟು ದಿನ ಆ ಕಾರ್ಡಿನಲ್ಲಿ ಏನನ್ನೂ ಕೊಳ್ಳಬೇಡಿ. ಹಳೇ ಬಾಕಿ ಇದ್ದಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕೊಂಡ ದಿನದಿಂದಲೇ ಮೂರೂವರೆ ರೂಪಾಯಿ ಶುರು. ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿದಿರುವ ಕಾರ್ಡ್ ನಂಬರನ್ನೂ ಅಳಿಸಿ.

ಇನ್ನೊಂದು ಮಾತು. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟುಕೊಂಡು ಕಾರ್ಡಿಗೆ ಬಡ್ಡಿ ಕಟ್ಟುವವರಿದ್ದಾರೆ. ಎಫ್‌ಡಿಗೆ ಸಿಗುವುದು ಅರ್ಧ ರೂಪಾಯಿ ಚಿಲ್ಲರೆ ಬಡ್ಡಿ. ಅದನ್ನು ಮುರಿಸಿ ಕಟ್ಟಿ. ಒಂದು ತಿಂಗಳ ಮನೆ ಖರ್ಚಿನಷ್ಟು ಮಾತ್ರ ಪಕ್ಕಕ್ಕಿಡಿ, ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ದಿನ ಮತ್ತೆ ಕಾರ್ಡೇ ಗತಿ. ಮನೆಯಲ್ಲಿ ಬಳಸದ ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಅಡ ಇಟ್ಟು ಕಾರ್ಡ್ ತೀರಿಸುವುದೂ ಸರಿಯೇ. ಅಲ್ಲಿ ಬಡ್ಡಿ ಸಾಮಾನ್ಯವಾಗಿ ಒಂದು ರೂಪಾಯಿಗೂ ಒಳಗೆ. ಕಾರ್ಡಿಗೆ ಕಟ್ಟುತ್ತಿದ್ದ ದುಡ್ಡನ್ನು ಮರುತಿಂಗಳಿಂದ ಚಿನ್ನ ಬಿಡಿಸಲು ಕಟ್ಟುವುದಾದರೆ ಮಾತ್ರ ಈ ದಾರಿ ಹಿಡಿಯಿರಿ.

ಈ ಹೊತ್ತಿನಲ್ಲಿ ಫೋನಿಗೆ ಆಮಿಷದ ಮೆಸೇಜುಗಳು ಬರುತ್ತಲೇ ಇರುತ್ತವೆ. ‘ನೋ ಕಾಸ್ಟ್ ಇಎಂಐ’ ನಿಜಕ್ಕೂ ಪುಕ್ಕಟೆಯಲ್ಲ. ಪ್ರೊಸೆಸಿಂಗ್ ಫೀ ಇರುತ್ತದೆ, ಬಡ್ಡಿ ಭಾಗಕ್ಕೆ ಜಿಎಸ್‌ಟಿ ಇರುತ್ತದೆ, ನಗದಿಗೆ ಸಿಗುವ ರಿಯಾಯಿತಿ ಹೋಗಿರುತ್ತದೆ. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಸಹವಾಸವೇ ಬೇಡ. ನಿಮ್ಮ ಸಾಲವನ್ನು ಅರ್ಧಕ್ಕೆ ಸೆಟಲ್ ಮಾಡಿಸುತ್ತೇವೆ ಎಂದು ಫೀಸು ಕೇಳುವವರನ್ನು ನಂಬಬೇಡಿ. ಹಾಗೆ ಮುಗಿದ ಸಾಲ ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಎಂದು ಉಳಿಯುತ್ತದೆ, ಮುಂದೆ ಮನೆ ಸಾಲ ಕೇಳಿದಾಗ ಅಡ್ಡ ಬರುತ್ತದೆ.

ಹಂತ 5: ಮುಂದಿನ ಸಾಲಕ್ಕೆ ಅದೇ ಮೊತ್ತ

ಕಾರ್ಡ್ ಮುಗಿದ ತಿಂಗಳು 13,000 ಕೈಯಲ್ಲಿ ಉಳಿಯಿತು ಎಂದು ಟಿವಿ ಅಂಗಡಿಗೆ ಹೋಗಬೇಡಿ. ಅಷ್ಟೂ ಪಟ್ಟಿಯ ಎರಡನೇ ಸಾಲಕ್ಕೆ, ಸಾಮಾನ್ಯವಾಗಿ ಪರ್ಸನಲ್ ಲೋನ್‌ಗೆ.

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಲೋನ್ ಖಾತೆಗೆ ಹೆಚ್ಚಿಗೆ ದುಡ್ಡು ಹಾಕಿದರೆ ಸಾಕು, ಅಸಲು ಇಳಿಯುತ್ತದೆ ಅಂದುಕೊಳ್ಳುತ್ತಾರೆ. ಎಷ್ಟೋ ಕಡೆ ಅದನ್ನು ಮುಂದಿನ ಕಂತಿನ ಮುಂಗಡ ಎಂದು ಹಿಡಿಯುತ್ತಾರೆ, ಬಡ್ಡಿ ಮಾತ್ರ ಹಳೇ ಅಸಲಿನ ಮೇಲೆಯೇ ಓಡುತ್ತದೆ. ಮೊದಲು ಲೋನ್ ಕಾಗದ ತೆಗೆದು ನೋಡಿ. ಅವಧಿಗೆ ಮುಂಚೆ ಕಟ್ಟಲು ಬಿಡುತ್ತಾರಾ, ಎಷ್ಟು ಕಂತು ಆದ ಮೇಲೆ, ಶುಲ್ಕ ಎಷ್ಟು? 2024ರ ಅಕ್ಟೋಬರ್ ನಂತರದ ಸಾಲವಾದರೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆಯಲ್ಲಿ ಈ ವಿವರ ಇರುತ್ತದೆ. ಶುಲ್ಕ ಇದ್ದರೆ ಚೂರುಚೂರಾಗಿ ಕಟ್ಟುವ ಬದಲು ನಾಲ್ಕಾರು ತಿಂಗಳ ದುಡ್ಡನ್ನು ಬೇರೆ ಖಾತೆಯಲ್ಲಿ ಸೇರಿಸಿ ಒಟ್ಟಿಗೆ ಕಟ್ಟುವುದು ಲಾಭವೇ ಎಂದು ಲೆಕ್ಕ ಹಾಕಿ. ಆ ಬೇರೆ ಖಾತೆಗೆ ಎಟಿಎಂ ಕಾರ್ಡ್, ಯುಪಿಐ ಎರಡೂ ಇರಬಾರದು.

ಕಟ್ಟುವ ದಿನ ಬ್ರಾಂಚಿಗೆ ಒಂದು ಅರ್ಜಿ ಕೊಡಿ. ‘ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ. ಕಂತು ಈಗಿರುವಷ್ಟೇ ಇರಲಿ, ಅವಧಿ ಕಡಿಮೆ ಮಾಡಿ.’ ಇಷ್ಟೇ ಬರೆದರೆ ಸಾಕು. ಕಂತು ಇಳಿಸುತ್ತೇವೆ ಎಂದರೆ ಬೇಡ ಅನ್ನಿ. ಕಂತು ಇಳಿದರೆ ಆ ದುಡ್ಡು ಮತ್ತೆ ಮನೆ ಖರ್ಚಿಗೆ ಸೇರುತ್ತದೆ, ಬಡ್ಡಿ ಜಾಸ್ತಿ ದಿನ ಓಡುತ್ತದೆ. ಅರ್ಜಿಯ ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ವಾರ ಬಿಟ್ಟು ಹೊಸ ಕಂತಿನ ಪಟ್ಟಿ ಕೇಳಿ, ಅಸಲು ನಿಜಕ್ಕೂ ಇಳಿದಿದೆಯೇ ಎಂದು ಕಣ್ಣಾರೆ ನೋಡಿ.

ಹಂತ 6: ಕಾಗದ ಪತ್ರ

ಕಾರ್ಡಿನ ಪೂರ್ತಿ ಬಾಕಿ ಕಟ್ಟಿದ ಮರುತಿಂಗಳೂ ಸಣ್ಣ ಮೊತ್ತದ ಬಿಲ್ ಬರುತ್ತದೆ. ಬಿಲ್ ಆದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಕಡೆಗಣಿಸಬೇಡಿ, ಕಟ್ಟಿ. ಕಾರ್ಡ್ ಬೇಡವಾದರೆ ಮುಚ್ಚಲು ಲಿಖಿತವಾಗಿ ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂ ನಿಮಗೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಲೋನ್‌ಗೆ ನೋ ಡ್ಯೂ ಪತ್ರ ಪಡೆಯಿರಿ. ಎರಡು ತಿಂಗಳಾದ ಮೇಲೆ ಸಿಬಿಲ್‌ನ ಕ್ರೆಡಿಟ್ ವರದಿ ತೆಗೆದು ಸಾಲ ‘ಕ್ಲೋಸ್ಡ್’ ಎಂದಿದೆಯೇ ನೋಡಿ. ವರ್ಷಕ್ಕೊಂದು ವರದಿ ಉಚಿತ. ಕೈಸಾಲಕ್ಕೆ ಪ್ರಾಮಿಸರಿ ನೋಟ್, ಖಾಲಿ ಚೆಕ್ ಕೊಟ್ಟಿದ್ದರೆ, ಕೊನೆಯ ಕಂತನ್ನು ಕೈಗಿಡುವಾಗಲೇ ಅವನ್ನು ವಾಪಸ್ ಕೇಳಿ ಪಡೆದುಕೊಳ್ಳಿ.